ಕಲ್ಯಾಣದ ಬಾಗಿಲು, ಕಾಲೇಜಿನ ಬಾಗಿಲು

ಪ್ರತಿವರ್ಷ ಮುಂಗಾರು ಹಿಡಿಯುವ ದಿನಗಳಲ್ಲಿ, ಪ್ರವೇಶ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ವೈದ್ಯಕೀಯ ಹಾಗೂ ತಾಂತ್ರಿಕ ಕಾಲೇಜುಗಳ ಸೀಟು ಹಂಚಿಕೆ ಮೊದಲಾಗುವ ಹೊತ್ತಿಗೆ, ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ಒಂದು ವಾದವು ತಪ್ಪದೆ ಕೇಳಿಬರುತ್ತದೆ. ಶಿವಶರಣರು ಜಾತಿಯನ್ನು ನಿರಾಕರಿಸಿದರು. ಹುಟ್ಟಿನಿಂದ ಮನುಷ್ಯನನ್ನು ಅಳೆಯಲಾಗದೆಂದು ಸಾರಿದರು. ಆದುದರಿಂದ ಕಾಲೇಜಿನ ಬಾಗಿಲಲ್ಲಿ ವಿದ್ಯಾರ್ಥಿಯ ಜಾತಿಯನ್ನು ಕೇಳುವ ಮೀಸಲಾತಿಯು ಶರಣಧರ್ಮಕ್ಕೆ ವಿರುದ್ಧವಾದುದು. ಇದೇ ಆ ವಾದದ ಸಾರ. ಇದನ್ನು ಆಡುವವರು ವಚನಗಳನ್ನು ಅರಿಯದವರಲ್ಲ. ನಿತ್ಯವೂ ಲಿಂಗಪೂಜೆಯ ತರುವಾಯ ವಚನಪಾರಾಯಣ ಮಾಡುವ ಸದ್ಭಕ್ತರೂ, ಕಾಲೇಜುಗಳಲ್ಲಿ ವಚನ ಸಾಹಿತ್ಯವನ್ನು ಬೋಧಿಸುವ ವಿದ್ವಾಂಸರೂ ಇದನ್ನು ಆಡುತ್ತಾರೆ. ಹೀಗಾಗಿ ಇದನ್ನು ಕೇವಲ ರಾಜಕೀಯದ ಮಾತೆಂದು ತಳ್ಳಿಹಾಕುವಂತಿಲ್ಲ. ಇದು ವಚನಗಳ ಒಂದು ಓದು. ಓದು ಎಂದ ಮೇಲೆ ಅದನ್ನು ಕೃತಿಯ ಎದುರಿಗಿಟ್ಟು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯ. ಪ್ರಸ್ತುತ ಲೇಖನದಲ್ಲಿ ಆ ಕಾರ್ಯವನ್ನು ಯಥಾಮತಿ ಮಾಡಲು ಯತ್ನಿಸಿದ್ದೇನೆ.

ಈ ಓದನ್ನು ನಾನೂ ಬಹುಕಾಲ ನಂಬಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಮಳವಳ್ಳಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದಾಗ, ಒಂದು ದಿನ ಬೆಳಿಗ್ಗೆ ಹತ್ತನೆಯ ತರಗತಿಗೆ ವಚನಗಳ ಪಾಠ ಮಾಡಿದೆ. ಅದೇ ದಿನ ಮಧ್ಯಾಹ್ನ ವಿದ್ಯಾರ್ಥಿಗಳ ದಾಖಲೆಗಳಲ್ಲಿ ಜಾತಿಯ ಕಾಲಮ್ಮನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದಿತು. ನಮ್ಮವರ ಮನೆಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಬೆಳಿಗ್ಗೆ ಜಾತಿ ಕೇಳಬಾರದು ಅಂತ ಪಾಠ ಮಾಡಿದ್ರಿ, ಈಗ ನೀವೇ ಕೇಳ್ತೀರಲ್ಲ?” ಎಂದು ಪ್ರಶ್ನಿಸಿದ. ನಾನು ಉತ್ತರ ಕಾಣದೆ ನಿಂತಿದ್ದಾಗ ಹಿಂದಿನ ಸಾಲಿನಿಂದ ಇನ್ನೊಬ್ಬ ಹುಡುಗ, ಊರಾಚೆಯ ಕಾಲೊನಿಯವನು, ತಗ್ಗಿದ ದನಿಯಲ್ಲಿ, “ಬರೀದಿದ್ರೆ ನಂಗೆ ಹಾಸ್ಟ್ಲು ಸಿಕ್ಕಾಕಿಲ್ಲ ಸಾ, ಬರೀರಿ” ಎಂದ. ಮೊದಲನೆಯವನ ಪ್ರಶ್ನೆ ವಚನಗಳಿಂದ ಬಂದಿತ್ತು. ಎರಡನೆಯವನ ಮಾತು ಬದುಕಿನಿಂದ ಬಂದಿತ್ತು. ಇವೆರಡರ ನಡುವೆ ವಿರೋಧವಿದೆಯೆಂದು ಅಂದು ನಾನು ಭಾವಿಸಿದೆ. ವಚನಗಳನ್ನು ಮತ್ತೆ ಮತ್ತೆ ಓದಿದಂತೆ, ವಿರೋಧವಿದ್ದುದು ವಚನಕ್ಕೂ ಬದುಕಿಗೂ ಅಲ್ಲ, ವಚನಕ್ಕೂ ನಾವು ಅದನ್ನು ಓದುವ ರೀತಿಗೂ ಎಂಬುದು ಮನದಟ್ಟಾಯಿತು.

ವಚನಗಳಲ್ಲಿ ಜಾತಿಯ ನಿರಾಕರಣೆ ಇದೆಯೆಂಬುದು ನಿರ್ವಿವಾದ. ಆದರೆ ಯಾವುದೇ ಉಕ್ತಿಯ ಅರ್ಥವನ್ನು ನಿಶ್ಚಯಿಸುವಾಗ ಅದನ್ನು ಯಾರು ಆಡಿದರು, ಯಾರನ್ನು ಕುರಿತು ಆಡಿದರು ಎಂಬುದನ್ನು ಗಮನಿಸುವುದು ವಿಮರ್ಶೆಯ ಪ್ರಾಥಮಿಕ ನಿಯಮ. ಬಸವಣ್ಣನವರು ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು. ಬಿಜ್ಜಳನ ಭಂಡಾರದ ಅಧಿಕಾರವನ್ನು ಹೊಂದಿದ್ದವರು. ಅಂಥವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು, ತಮ್ಮ ಬಂಧುಗಳೆಂದು ಕರೆದುಕೊಂಡರು. ಇಲ್ಲಿ ಬಿಟ್ಟುಕೊಟ್ಟವರು ಯಾರು? ತನ್ನ ಹುಟ್ಟಿನ ಹಿರಿಮೆಯನ್ನು ಬಿಟ್ಟವರು ಬಸವಣ್ಣನವರು. ಅವರು ಚೆನ್ನಯ್ಯನ ಬಳಿಗೆ ಹೋಗಿ, ನೀನು ನಿನ್ನ ಕುಲದ ಹೆಸರನ್ನು ಮರೆತುಬಿಡು, ಅದನ್ನು ನೀನು ಹೇಳಿಕೊಂಡರೆ ಸಮಾನತೆಗೆ ಭಂಗ ಬರುತ್ತದೆ ಎಂದು ಬೋಧಿಸಲಿಲ್ಲ. ಜಾತಿಯನ್ನು ತೊರೆಯುವ ಭಾರವನ್ನು ಜಾತಿಯಿಂದ ಲಾಭ ಪಡೆದವನ ಹೆಗಲಿಗೇರಿಸಿದ್ದು ಶರಣರ ಕ್ರಮ. ಆ ಭಾರವನ್ನು ಜಾತಿಯಿಂದ ನೊಂದವನ ಹೆಗಲಿಗೆ ವರ್ಗಾಯಿಸುವುದು ನಮ್ಮ ಕಾಲದ ಓದಿನ ಕ್ರಮ. ಉಕ್ತಿ ಒಂದೇ ಆದರೂ ಆಡುವವನು ಬದಲಾದಾಗ ಅದರ ಅರ್ಥ ತಲೆಕೆಳಗಾಗುತ್ತದೆ.

ಇದಕ್ಕೆ ಪೂರಕವಾದ ಮತ್ತೊಂದು ಸಂಗತಿ ಶರಣರ ಹೆಸರುಗಳಲ್ಲಿಯೇ ಇದೆ. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಸಮಗಾರ ಹರಳಯ್ಯ ಎಂದು ಅವರನ್ನು ನಾವು ಸ್ಮರಿಸುತ್ತೇವೆ. ಕಲ್ಯಾಣಕ್ಕೆ ಬಂದ ಮಾತ್ರಕ್ಕೆ ಅವರ ಕಾಯಕದ ಹೆಸರು ಅಳಿಸಿಹೋಗಲಿಲ್ಲ. ವಚನಕಾರರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರೆ, ಅಂಬಿಗರ ಚೌಡಯ್ಯನು ತನ್ನ ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿ ಬಳಸಿದ. ಇದು ಜಾತಿಯ ಅಭಿಮಾನವಲ್ಲ. ಯಾವ ಹೆಸರನ್ನು ಹಿಡಿದು ಲೋಕವು ತನ್ನನ್ನು ಕೀಳಾಗಿ ಕಂಡಿತೋ ಅದೇ ಹೆಸರನ್ನು ಹಿಡಿದೇ ತಲೆಯೆತ್ತಿ ನಿಲ್ಲುವ ಧೈರ್ಯವದು. ಅವಮಾನದ ಕಾರಣವನ್ನು ಹೆಸರಿಸದೆ ಅವಮಾನವನ್ನು ಹೋಗಲಾಡಿಸಲಾಗದೆಂಬುದನ್ನು ಚೌಡಯ್ಯ ಬಲ್ಲವನಾಗಿದ್ದ.

ಅರ್ಹತೆಯ ಪ್ರಶ್ನೆಯನ್ನೂ ವಚನಕಾರರ ಚರಿತ್ರೆಯ ಬೆಳಕಿನಲ್ಲಿ ನೋಡಬಹುದು. ಉರಿಲಿಂಗಪೆದ್ದಿಯ ಐತಿಹ್ಯ ವಾಚಕರಿಗೆ ತಿಳಿದದ್ದೇ. ಕೀಳೆನಿಸಿದ ಕುಲದಲ್ಲಿ ಹುಟ್ಟಿ, ಕಳ್ಳತನವನ್ನು ವೃತ್ತಿಯಾಗಿ ಮಾಡಿಕೊಂಡಿದ್ದ ಪೆದ್ದಣ್ಣ, ಉರಿಲಿಂಗದೇವರ ದೀಕ್ಷೆಯನ್ನು ಬಯಸಿ ಅವರ ಮನೆಗೆ ಸೌದೆಯ ಹೊರೆಯನ್ನು ಹೊತ್ತುತಂದು ಹಾಕುತ್ತಿದ್ದನೆಂದು ಕಥೆ ಹೇಳುತ್ತದೆ. ಕಡೆಗೆ ಅವನು ಗುರುವಿನ ಕೃಪೆಗೆ ಪಾತ್ರನಾಗಿ ಅವರ ಪೀಠಕ್ಕೂ ಅಧಿಕಾರಿಯಾದ. ಈಗ ಅವನ ವಚನಗಳನ್ನು ತೆರೆದು ನೋಡಿದರೆ ಕಾಣುವುದೇನು? ವೇದಾಗಮಗಳಿಂದ ಸಂಸ್ಕೃತ ವಾಕ್ಯಗಳನ್ನು ಎತ್ತಿ ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಪ್ರೌಢಿಮೆ ಅವನಲ್ಲಿ ಇದ್ದಷ್ಟು ವಚನಕಾರರಲ್ಲಿ ಕೆಲವರಿಗೇ ಇದೆ. ಪೆದ್ದಣ್ಣನಿಗೆ ದೀಕ್ಷೆ ಕೊಡುವ ಮುನ್ನ ಸಂಸ್ಕೃತದಲ್ಲಿ ಪರೀಕ್ಷೆ ನಡೆಸಿದ್ದರೆ ಅವನು ಬಾಗಿಲಲ್ಲಿಯೇ ಉಳಿಯುತ್ತಿದ್ದ. ಮೊದಲು ಪ್ರವೇಶ, ಆಮೇಲೆ ಪಾಂಡಿತ್ಯ. ಅವನ ಜೀವನದ ಕ್ರಮ ಇದು. ಪಾಂಡಿತ್ಯವಿದ್ದವನಿಗೆ ಮಾತ್ರ ಪ್ರವೇಶವೆಂದರೆ, ಪಾಂಡಿತ್ಯವು ಹಿಂದಿನಿಂದಲೂ ಯಾರ ಮನೆಯಲ್ಲಿತ್ತೋ ಅವರ ಮನೆಯಲ್ಲಿಯೇ ಉಳಿಯುತ್ತದೆ.

ಮಂಡ್ಯ ಜಿಲ್ಲೆಯ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲ್ಭಾಗದ ಗದ್ದೆಗಳಿಗೆ ಮೊದಲು ಹಾಯುತ್ತದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೊನೆಯ ಭಾಗದ ರೈತ ತನ್ನ ಸರದಿಗಾಗಿ ಕಾಯುತ್ತಾನೆ. ನೀರು ತಲುಪದೆ ಅವನ ಪೈರು ಸೊರಗಿದಾಗ, ಬಿತ್ತಿದ ಬೀಜವೇ ಕಳಪೆಯೆಂದು ಯಾವ ರೈತನೂ ಹೇಳುವುದಿಲ್ಲ. ಕೊನೆಯ ಭಾಗಕ್ಕೂ ಸರದಿಯಂತೆ ನೀರು ಬಿಡಬೇಕೆಂದು ಎಲ್ಲರೂ ಒಪ್ಪುತ್ತಾರೆ. ಗದ್ದೆಯ ವಿಚಾರದಲ್ಲಿ ನಮಗೆ ಸಹಜವಾಗಿ ಕಾಣುವ ಈ ನ್ಯಾಯ ವಿದ್ಯೆಯ ವಿಚಾರಕ್ಕೆ ಬಂದೊಡನೆ ಅನ್ಯಾಯವಾಗಿ ಕಾಣುವುದು ವಿಚಿತ್ರ.

ಇದೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಗದ್ದಿಗೆ ಇದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯವು ವಚನಗಳನ್ನು ಓದುವವರೆಲ್ಲರೂ ಜೊತೆಯಲ್ಲಿಟ್ಟುಕೊಂಡು ಓದಬೇಕಾದ ಕೃತಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಆವೃತ್ತಿಯಿಂದ ಇದು ವಿದ್ಯಾರ್ಥಿಗಳಿಗೂ ಸುಲಭವಾಗಿ ದೊರೆಯುವಂತಾಗಿದೆ. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾದರೂ ಕಲ್ಯಾಣದ ಪ್ರಸಂಗದ ಹಂದರ ಒಂದೇ. ಶರಣರ ಖ್ಯಾತಿಯನ್ನು ಕೇಳಿದ ಮಂಟೇಸ್ವಾಮಿ, ನೋಡಿದವರು ಅಸಹ್ಯಪಡುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾರೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಬಂದವರು ತಿಪ್ಪೆಯ ಮೇಲೆ ಉಳಿಯುತ್ತಾರೆ. ಒಳಗೆ ಲಕ್ಷ ಜಂಗಮರಿಗೆ ದಾಸೋಹ ನಡೆಯುತ್ತಿದ್ದರೂ ಹೊರಗಿರುವ ಆ ಒಬ್ಬ ಜಂಗಮನನ್ನು ಯಾರೂ ಗುರುತಿಸಲಾರರು. ಬಸವಣ್ಣನವರು ತಾವೇ ಹೊರಗೆ ಬಂದು ಅವರನ್ನು ಹುಡುಕಿ ಬರಮಾಡಿಕೊಳ್ಳಬೇಕಾಗುತ್ತದೆ.

ಕಾಲದೃಷ್ಟಿಯಿಂದ ಇದು ಇತಿಹಾಸವಲ್ಲ. ಬಸವಣ್ಣನವರಿಗೂ ಮಂಟೇಸ್ವಾಮಿಯವರಿಗೂ ನಡುವೆ ಶತಮಾನಗಳ ಅಂತರವಿದೆ. ನಮ್ಮ ಪಂಡಿತರಲ್ಲಿ ಕೆಲವರು ಈ ಕಾರಣವನ್ನು ಮುಂದಿಟ್ಟು ಕಾವ್ಯವನ್ನು ಜನಪದರ ಕಲ್ಪನೆಯೆಂದು ಪಕ್ಕಕ್ಕಿರಿಸಿದ್ದಾರೆ. ಹಾಗೆ ಮಾಡಿದರೆ ಅದರ ಮರ್ಮ ಕೈತಪ್ಪುತ್ತದೆ. ಕಲ್ಯಾಣದ ತರುವಾಯ ಶರಣಪರಂಪರೆಯು ಹೊರಗಿನವರ ಕಣ್ಣಿಗೆ ಹೇಗೆ ಕಂಡಿತೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ನಮ್ಮ ಭಾಷೆಯಲ್ಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಕಾವ್ಯ ಬಸವಣ್ಣನವರನ್ನು ನಿಂದಿಸುವುದಿಲ್ಲ. ಅವರ ಹೆಸರಿನಲ್ಲಿ ಬಾಗಿಲು ಕಾಯುವವರನ್ನು ಅದು ಪ್ರಶ್ನಿಸುತ್ತದೆ. ಒಳಗೆ ಕುಳಿತವರು, ಇಲ್ಲಿ ಜಾತಿಯಿಲ್ಲ ಎಂದು ಹೇಳುತ್ತಿರುವಾಗಲೇ ಹೊರಗೊಬ್ಬರು ತಿಪ್ಪೆಯ ಮೇಲೆ ಕುಳಿತಿದ್ದಾರೆ. ಜಾತಿಯಿಲ್ಲವೆಂಬ ಮಾತು ಒಳಗಿನವರ ಬಾಯಲ್ಲಿ ಎಷ್ಟು ಸುಲಭವಾಗಿ ಬಾಗಿಲ ಅಗುಳಿಯಾಗಬಲ್ಲದೆಂಬುದನ್ನು ಮಳವಳ್ಳಿ ಸೀಮೆಯ ನೀಲಗಾರರು ನಮಗಿಂತ ಮೊದಲೇ ಕಂಡುಕೊಂಡಿದ್ದರು.

ಇನ್ನು ನಮ್ಮ ಸಮಾಜವೇ ಬಾಗಿಲ ಹೊರಗೆ ನಿಂತಿದ್ದ ದಿನಗಳನ್ನು ನೆನೆಯೋಣ. ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳೂ ಉನ್ನತ ವಿದ್ಯೆಯೂ ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿದ್ದಾಗ, 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯಲ್ಲಿ ಒಕ್ಕಲಿಗರು, ಮುಸಲ್ಮಾನರು ಮೊದಲಾದವರೊಡನೆ ನಮ್ಮ ಹಿರಿಯರೂ ಇದ್ದು ತಮ್ಮ ಪಾಲನ್ನು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅದು 1919ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಹಿಂದುಳಿದ ಕೋಮುಗಳಿಗೆ ಹುದ್ದೆಗಳಲ್ಲಿ ಹೆಚ್ಚಿನ ಪಾಲು, ವಿದ್ಯಾರ್ಥಿವೇತನ ಮೊದಲಾದ ಸೌಲಭ್ಯಗಳು ಅದರಿಂದ ಮೊದಲಾದವು. ಅಂದು ನಮ್ಮ ಹಿರಿಯರು ಅರ್ಜಿ ಬರೆದಾಗ ಜಾತಿಯ ಹೆಸರನ್ನು ಹೇಳಿಯೇ ಬರೆದರು. ಅದು ಶರಣಧರ್ಮಕ್ಕೆ ವಿರುದ್ಧವೆಂಬ ಶಂಕೆ ಅವರಿಗೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಸ್ವಾತಂತ್ರ್ಯಾನಂತರದ ಕಥೆ ಇನ್ನೂ ಬೋಧಪ್ರದವಾಗಿದೆ. 1958ರ ಜುಲೈನಲ್ಲಿ ಮೈಸೂರು ಸರ್ಕಾರವು ಬ್ರಾಹ್ಮಣರನ್ನುಳಿದು ಮಿಕ್ಕೆಲ್ಲ ಕೋಮುಗಳನ್ನೂ ಹಿಂದುಳಿದವೆಂದು ಆದೇಶಿಸಿತು. ಆ ಆದೇಶವು ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1960ರಲ್ಲಿ ನೇಮಕಗೊಂಡ ನಾಗನಗೌಡ ಸಮಿತಿಯು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುವ ಮಕ್ಕಳ ಸಂಖ್ಯೆಯನ್ನು ಅಳತೆಗೋಲಾಗಿ ಹಿಡಿಯಿತು. ಇಡೀ ರಾಜ್ಯದ ಸರಾಸರಿ ಸಾವಿರ ಜನಸಂಖ್ಯೆಗೆ 6.9, ಲಿಂಗಾಯತರದು 7.1. ಈ ಅಲ್ಪ ಅಂತರದ ಮೇಲೆ ನಮ್ಮ ಸಮಾಜವು ಹಿಂದುಳಿದದ್ದೋ ಮುಂದುವರಿದದ್ದೋ ಎಂಬ ಚರ್ಚೆ ನಿಂತಿತು. ಸರ್ಕಾರ ನಮ್ಮನ್ನು ಹಿಂದುಳಿದವರ ಪಟ್ಟಿಯಲ್ಲಿಯೇ ಇರಿಸಿ, 1962ರ ಜುಲೈ 31ರ ಆದೇಶದಲ್ಲಿ ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳ ಶೇ 68 ಸೀಟುಗಳನ್ನು ಮೀಸಲಿರಿಸಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಲಾಜಿ ಪ್ರಕರಣದಲ್ಲಿ ಈ ಆದೇಶವನ್ನು ರದ್ದುಗೊಳಿಸಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಒರೆಗಲ್ಲಾಗಲಾರದೆಂದೂ, ಮೀಸಲು ಸಾಮಾನ್ಯವಾಗಿ ಶೇ 50ನ್ನು ಮೀರಬಾರದೆಂದೂ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರ ತೀರ್ಪು ಹೇಳಿತು. ಕೆ. ವಿ. ಶಂಕರೇಗೌಡರ ಪ್ರಯತ್ನದಿಂದ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದೂ ಇದೇ 1962ರಲ್ಲಿ. ಕಬ್ಬು ಭತ್ತಗಳ ಈ ನಾಡಿನ ಮಕ್ಕಳಿಗೆ ತಾಂತ್ರಿಕ ವಿದ್ಯೆಯ ಬಾಗಿಲು ಮನೆಯ ಹತ್ತಿರವೇ ತೆರೆದ ವರ್ಷದಲ್ಲಿಯೇ, ಆ ಬಾಗಿಲನ್ನು ಯಾರು ದಾಟಬೇಕೆಂಬ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಚರ್ಚೆಯಾಯಿತು.

ಮುಂದೆ ದೇವರಾಜ ಅರಸರ ಸರ್ಕಾರವು 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿಯನ್ನು ಸಲ್ಲಿಸಿದಾಗ ಹಿಂದುಳಿದವರ ಪಟ್ಟಿಯಲ್ಲಿ ಲಿಂಗಾಯತರಿರಲಿಲ್ಲ. ಜಾತಿಯನ್ನು ಕೇಳುವುದು ಶರಣರಿಗೆ ಒಪ್ಪಿಗೆಯಿಲ್ಲವೆಂಬ ವಾದವು ನಮ್ಮ ವೇದಿಕೆಗಳ ಮೇಲೆ ಬಲವಾಗಿ ಕೇಳತೊಡಗಿದ್ದು, ನನ್ನ ನೆನಪಿನ ಮಟ್ಟಿಗೆ, ಆ ವರದಿಯ ತರುವಾಯದ ವರ್ಷಗಳಲ್ಲಿ. ಇಂದಿನ ವರ್ಗೀಕರಣದಲ್ಲಿ ನಮ್ಮ ಸಮಾಜವು 3ಬಿ ಪ್ರವರ್ಗದಲ್ಲಿದ್ದು, ಆ ಪ್ರವರ್ಗಕ್ಕೆ ಶೇ 5ರಷ್ಟು ಮೀಸಲು ಇದೆ. ಪಂಚಮಸಾಲಿ ಬಂಧುಗಳು 2ಎ ಪ್ರವರ್ಗವನ್ನು ಕೇಳಿ 2021ರ ಜನವರಿಯಲ್ಲಿ ಕೂಡಲಸಂಗಮದಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟರು. 2023ರ ಮಾರ್ಚ್‌ನಲ್ಲಿ ಮುಸಲ್ಮಾನರ 2ಬಿ ಪ್ರವರ್ಗದ ಶೇ 4ನ್ನು ತೆಗೆದು ಒಕ್ಕಲಿಗರಿಗೂ ನಮಗೂ ಹಂಚುವ ಆದೇಶ ಬಂದಾಗ ನಮ್ಮಲ್ಲಿ ಅನೇಕರು ಸಂತೋಷಪಟ್ಟರು. ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದ ಮೇಲೆ ಅದು ಜಾರಿಗೆ ಬರಲಿಲ್ಲ. ಈ ಬೇಡಿಕೆಗಳ ಯುಕ್ತಾಯುಕ್ತತೆಯನ್ನು ಇಲ್ಲಿ ನಿರ್ಣಯಿಸುವುದಿಲ್ಲ. ಆದರೆ ಒಂದನ್ನು ಹೇಳದಿರಲಾಗದು: ಪಾಲು ಕೇಳುವಾಗ ನಮಗೆ ಜಾತಿ ನೆನಪಾಗುತ್ತದೆ, ಪರರಿಗೆ ಪಾಲು ಕೊಡುವಾಗ ವಚನ ನೆನಪಾಗುತ್ತದೆ. ವಚನವನ್ನು ಹೀಗೆ ಬಳಸುವುದು ಲಿಂಗವನ್ನು ತಕ್ಕಡಿಯ ಕಲ್ಲಾಗಿ ಬಳಸಿದಂತೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಜಾತಿಯನ್ನು ಬಿಟ್ಟು ಬಡತನವನ್ನೂ ಕಾಯಕವನ್ನೂ ಅಳತೆಗೋಲಾಗಿ ಹಿಡಿಯಬಹುದಲ್ಲವೆ, ಅದು ಶರಣರಿಗೆ ಹೆಚ್ಚು ಒಪ್ಪಿಗೆಯಾಗುತ್ತಿರಲಿಲ್ಲವೆ ಎಂದು ಸಜ್ಜನರನೇಕರು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ನಮ್ಮ ರಾಜ್ಯವೇ ಬಾಲಾಜಿ ತೀರ್ಪಿನ ತರುವಾಯ, 1963ರಲ್ಲಿ, ಅದನ್ನು ಮಾಡಿ ನೋಡಿತು. ವರ್ಷಕ್ಕೆ 1,200 ರೂಪಾಯಿಗೆ ಮೀರದ ಆದಾಯದೊಡನೆ ಬೇಸಾಯ, ಕೈಕಸುಬು, ಸಣ್ಣ ವ್ಯಾಪಾರ, ಕೂಲಿ ಮೊದಲಾದ ವೃತ್ತಿಗಳನ್ನು ಹಿಂದುಳಿದಿರುವಿಕೆಯ ಗುರುತಾಗಿ ಹಿಡಿಯಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಮಳವಳ್ಳಿಯ ಬಡ ವೀರಶೈವ ಕುಟುಂಬದ ಮಗುವಿನ ಕಷ್ಟ ನಿಜವಾದ ಕಷ್ಟ. ಅದಕ್ಕೆ ಪರಿಹಾರ ಬೇಕೇ ಬೇಕು. ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಒಳಮೀಸಲನ್ನು ನಮ್ಮ ರಾಜ್ಯ ಕೊಟ್ಟಿರುವುದೂ, ಉಳ್ಳವರನ್ನು ಕೆನೆಪದರವೆಂದು ಹೊರಗಿಡಬೇಕೆಂದು 1992ರ ಇಂದ್ರಾ ಸಾಹ್ನಿ ತೀರ್ಪು ವಿಧಿಸಿದುದೂ ಈ ನ್ಯಾಯದ ಅಂಗಗಳೇ. ಆದರೆ ಎರಡು ಬಡ ಕುಟುಂಬಗಳ ಆದಾಯ ಸಮವಾಗಿದ್ದ ಮಾತ್ರಕ್ಕೆ ಅವುಗಳ ಬದುಕು ಸಮವಾಗುವುದಿಲ್ಲ. ಇಬ್ಬರು ಹುಡುಗರು ಓದಲೆಂದು ಪಟ್ಟಣಕ್ಕೆ ಹೋಗಿ ಬಾಡಿಗೆಗೆ ಒಂದು ಕೋಣೆಯನ್ನು ಕೇಳಿದಾಗ, ಒಬ್ಬನಿಗೆ ಬಾಡಿಗೆಯ ಮೊತ್ತವನ್ನು ಹೇಳುತ್ತಾರೆ, ಇನ್ನೊಬ್ಬನಿಗೆ ಮೊದಲು ಊರು ಯಾವುದು, ಕೇರಿ ಯಾವುದು ಎಂದು ಕೇಳುತ್ತಾರೆ. ನನ್ನ ಶಿಷ್ಯರಿಬ್ಬರು ಇದನ್ನು ಅನುಭವಿಸಿ ಬಂದು ಹೇಳಿದರು. ಬಡತನವು ಇಬ್ಬರಿಗೂ ಇತ್ತು; ಆ ಎರಡನೆಯ ಪ್ರಶ್ನೆ ಒಬ್ಬನಿಗೆ ಮಾತ್ರ ಇತ್ತು.

ಈಗ ಈ ಲೇಖನದ ಮುಖ್ಯ ಸಾಕ್ಷ್ಯಕ್ಕೆ ಬರೋಣ. ಸಂವಿಧಾನದ ಅಡಿಯಲ್ಲಿ 1950ರಲ್ಲಿ ಹೊರಟು ಅನಂತರ ತಿದ್ದುಪಡಿಗೊಂಡ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಪಟ್ಟಿಯೊಂದಿದೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಓದುವ ಪ್ರಮೇಯ ಬರುವುದಿಲ್ಲ; ಓದಿದರೆ ಬೆರಗಾಗುತ್ತಾರೆ. ಡೋರ್ ಎಂಬ ಹೆಸರಿನ ಜೊತೆಯಲ್ಲಿ, ಅದೇ ನಮೂದಿನಲ್ಲಿ, ಕಕ್ಕಯ್ಯ ಎಂಬ ಹೆಸರಿದೆ. ಚಮ್ಮಾರ, ಮೋಚಿ, ಮಾದರ, ಸಮಗಾರ ಮೊದಲಾದ ಹೆಸರುಗಳ ನಡುವೆ ಹರಳಯ್ಯ ಎಂಬ ಹೆಸರಿದೆ. ನಾವು ಪ್ರಾತಃಸ್ಮರಣೀಯರೆಂದು ಕೊಂಡಾಡುವ ಇಬ್ಬರು ಶರಣರ ಹೆಸರುಗಳು ಭಾರತದ ಶಾಸನದಲ್ಲಿ ಅಸ್ಪೃಶ್ಯತೆಯನ್ನು ಅನುಭವಿಸಿದ ಜಾತಿಗಳ ಹೆಸರುಗಳಾಗಿ ದಾಖಲಾಗಿವೆ. ಹಿಂದುಳಿದ ವರ್ಗಗಳ ಪಟ್ಟಿಯನ್ನು ನೋಡಿದರೂ ಮಡಿವಾಳ, ಕುಂಬಾರ, ಗಾಣಿಗ, ಅಂಬಿಗ ಎಂಬ ಹೆಸರುಗಳು ಎದುರಾಗುತ್ತವೆ. ಅನುಭವಮಂಟಪದ ಶರಣರ ಹೆಸರುಗಳನ್ನೂ ಸರ್ಕಾರದ ಮೀಸಲಾತಿ ಪಟ್ಟಿಗಳನ್ನೂ ಎದುರುಬದುರಾಗಿಟ್ಟು ಓದಿದರೆ, ಎಷ್ಟೋ ಕಡೆ ಒಂದೇ ಹೆಸರುಗಳನ್ನು ಎರಡು ಬಾರಿ ಓದಿದಂತಾಗುತ್ತದೆ.

ಇದರ ಅರ್ಥವೇನು? ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದು ಮದುವೆ ಮಾಡಿದಾಗ ಕಲ್ಯಾಣವು ಅದಕ್ಕೆ ತೆತ್ತ ಬೆಲೆಯನ್ನು ನಾವೆಲ್ಲರೂ ಬಲ್ಲೆವು. ಆ ಇಬ್ಬರು ತಂದೆಯರೂ ಪ್ರಾಣವನ್ನೇ ಕೊಟ್ಟರು. ಒಂದು ಜಾತಿಯ ಗೋಡೆಯನ್ನು ಒಡೆಯಲು ಪ್ರಾಣಕೊಟ್ಟವನ ಹೆಸರೇ ಕಾಲಾಂತರದಲ್ಲಿ ಒಂದು ಜಾತಿಯ ಹೆಸರಾಯಿತು. ಹರಳಯ್ಯನನ್ನು ತಮ್ಮ ಮೂಲಪುರುಷನೆಂದು ನೆನೆದ ಜನ ಆ ಹೆಸರನ್ನು ಅಭಿಮಾನದಿಂದ ಧರಿಸಿದರು. ಆ ಅಭಿಮಾನವನ್ನು ಗೌರವಿಸಿ ಅವರನ್ನು ಒಳಗೆ ಕರೆದುಕೊಳ್ಳಬೇಕಾಗಿದ್ದವರು ನಾವು. ನಾವು ಅವರನ್ನು ಕರೆಯಲಿಲ್ಲ. ಅವರ ಮೂಲಪುರುಷನ ಕಥೆಯನ್ನು ಪುರಾಣವಾಗಿ ಕೇಳಿದೆವು, ಅವರ ಮಕ್ಕಳನ್ನು ಪಂಕ್ತಿಯಿಂದ ಹೊರಗಿಟ್ಟೆವು. ಹೀಗಾಗಿ ಆ ಪಟ್ಟಿಯಲ್ಲಿರುವ ಹರಳಯ್ಯ, ಕಕ್ಕಯ್ಯ ಎಂಬ ಹೆಸರುಗಳು ಸರ್ಕಾರವು ಹುಟ್ಟುಹಾಕಿದ ಜಾತಿಭೇದಕ್ಕೆ ಸಾಕ್ಷಿಯಲ್ಲ; ಕಲ್ಯಾಣದ ಬಾಗಿಲನ್ನು ನಾವು ಮುಚ್ಚಿದುದಕ್ಕೆ ಸಾಕ್ಷಿ. ವಚನವನ್ನು ಉದ್ಧರಿಸಿ ಮೀಸಲಾತಿಯನ್ನು ಹಳಿಯುವವನು, ತನಗೆ ಅರಿವಿಲ್ಲದೆಯೇ, ವಚನಕಾರರ ಮಾತನ್ನು ವಚನಕಾರರ ವಂಶದವರ ಮೇಲೆಯೇ ಎಸೆಯುತ್ತಿದ್ದಾನೆ.

ಹಾಗೆಂದು ಮೀಸಲಾತಿಯೇ ಕಲ್ಯಾಣವೆಂದು ನಾನು ಹೇಳುವುದಿಲ್ಲ. ತಹಸೀಲ್ದಾರರು ಕೊಡುವ ಪ್ರಮಾಣಪತ್ರ ಲಿಂಗದೀಕ್ಷೆಯಲ್ಲ. ದೀಕ್ಷೆಯು ಹುಟ್ಟಿನ ಗುರುತನ್ನು ಕಳೆಯುತ್ತದೆ. ಪ್ರಮಾಣಪತ್ರವು ಅದನ್ನು ಮೊಹರು ಹಾಕಿ ಉಳಿಸುತ್ತದೆ. ಒಳಗೆ ಬಂದ ಹುಡುಗನನ್ನು ಸಹಪಾಠಿಗಳು ಅದೇ ಹೆಸರು ಹಿಡಿದು ಹೀಯಾಳಿಸುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬಾಗಿಲು ತೆರೆಯುವುದು ಕಾನೂನಿಗೆ ಸಾಧ್ಯ. ಒಳಗೆ ಬಂದವನನ್ನು ಅಪ್ಪಿಕೊಳ್ಳುವುದು ಧರ್ಮಕ್ಕೆ ಮಾತ್ರ ಸಾಧ್ಯ. ಧರ್ಮವು ತನ್ನ ಕೆಲಸವನ್ನು ಮಾಡದೆ ಇದ್ದುದರಿಂದಲೇ ಕಾನೂನು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು. ತನ್ನ ಲೋಪವನ್ನು ತುಂಬಲು ಬಂದವನನ್ನು ಧರ್ಮವು ನಿಂದಿಸುವುದು ಉಚಿತವಲ್ಲ.

ನಮ್ಮ ಪರಂಪರೆಯಲ್ಲಿಯೇ ಇದಕ್ಕೆ ಮೇಲ್ಪಂಕ್ತಿಯಿದೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಎಲ್ಲ ಜಾತಿಗಳ ಬಡಮಕ್ಕಳಿಗೂ ಅನ್ನ, ವಸತಿ, ವಿದ್ಯೆಗಳನ್ನು ನೀಡಿದ ತ್ರಿವಿಧ ದಾಸೋಹ ಲೋಕವಿಖ್ಯಾತ. ಸುತ್ತೂರಿನ ಲಿಂಗೈಕ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ನಡೆಸಿದ ವಿದ್ಯಾರ್ಥಿನಿಲಯದಿಂದ ಮೊದಲಾದ ವಿದ್ಯಾದಾಸೋಹವೂ ಅಂಥದೇ. ಈ ದಾಸೋಹವು ಪ್ರಸಾದನಿಲಯದ ಹೊಸ್ತಿಲಲ್ಲಿಯೇ ನಿಂತುಬಿಡಬಾರದು. ಇಂದು ನಮ್ಮ ಮಠಮಾನ್ಯಗಳ ಆಶ್ರಯದಲ್ಲಿ ವೈದ್ಯಕೀಯ, ತಾಂತ್ರಿಕ ಮಹಾವಿದ್ಯಾಲಯಗಳು ಬೆಳೆದು ನಿಂತಿವೆ. ಅವುಗಳಲ್ಲಿ ಸರ್ಕಾರದ ಪಾಲಿನ ಸೀಟುಗಳಿಗೆ ಮೀಸಲಾತಿ ಅನ್ವಯಿಸುತ್ತದೆ. ಆಡಳಿತ ಮಂಡಳಿಯ ಪಾಲಿನ ಸೀಟುಗಳು ಹಣವುಳ್ಳವರಿಗೆ ಮಾತ್ರ ಎಟುಕುತ್ತವೆ. 2005ರ ತೊಂಬತ್ತಮೂರನೆಯ ತಿದ್ದುಪಡಿಯು ಖಾಸಗಿ ವಿದ್ಯಾಸಂಸ್ಥೆಗಳಲ್ಲಿಯೂ ಮೀಸಲನ್ನು ವಿಧಿಸುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿದೆ. ಸರ್ಕಾರವು ವಿಧಿಸಿದ ಮೇಲೆ ಕೊಡುವುದು ತೆರಿಗೆ. ಅದಕ್ಕೆ ಮೊದಲೇ ಕೊಡುವುದು ದಾಸೋಹ. ಪ್ರತಿಯೊಂದು ಮಠದ ಕಾಲೇಜಿನಲ್ಲಿಯೂ ಆಡಳಿತ ಮಂಡಳಿಯ ಪಾಲಿನಲ್ಲಿ ಕೆಲವು ಸೀಟುಗಳನ್ನು ಹರಳಯ್ಯ, ಕಕ್ಕಯ್ಯರ ಹೆಸರನ್ನು ಹೊತ್ತ ಸಮುದಾಯಗಳ ಮಕ್ಕಳಿಗೆ ಶುಲ್ಕವಿಲ್ಲದೆ ತೆಗೆದಿರಿಸಿ, ಅವರಿಗೆ ಪ್ರಸಾದನಿಲಯದಲ್ಲಿ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಊಟವನ್ನೂ ವಸತಿಯನ್ನೂ ಕಲ್ಪಿಸಬೇಕೆಂದು ಪೂಜ್ಯರಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುತ್ತೇನೆ.

ನಮ್ಮಲ್ಲಿ ಅನುಕೂಲಸ್ಥರಾದವರಿಗೂ ಒಂದು ಮಾತಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಒಲೆಗಿಡಲಿಲ್ಲ; ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದಳು. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ನ್ಯಾಯವಾಗಿ ಬಿದ್ದದ್ದನ್ನು ಆಯ್ದದ್ದೇ. ಆದರೂ ತಮಗೆ ಬೇಕಾದುದಕ್ಕಿಂತ ಮಿಗಿಲಾದುದು ಇನ್ನೊಬ್ಬರದೆಂದು ಅವಳು ತಿಳಿದಿದ್ದಳು. ಆದಾಯದ ಲೆಕ್ಕವನ್ನು ಹೇಗೋ ಹೊಂದಿಸಿ ಪ್ರಮಾಣಪತ್ರ ಪಡೆಯುವ ಉಳ್ಳವರು ನಮ್ಮಲ್ಲಿಯೂ ಇದ್ದಾರೆ, ಇತರರಲ್ಲಿಯೂ ಇದ್ದಾರೆ. ಅವರು ಬಿಟ್ಟುಕೊಡುವ ಒಂದೊಂದು ಸೀಟೂ ಮಳವಳ್ಳಿಯ, ಮದ್ದೂರಿನ ಯಾವುದೋ ಬಡ ಮನೆಯ ದೀಪವಾಗುತ್ತದೆ.

2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಸಂದರ್ಭದಲ್ಲಿ ಯಾವ ಕಾಲಮ್ಮಿನಲ್ಲಿ ಏನೆಂದು ಬರೆಸಬೇಕೆಂದು ನಮ್ಮ ಸಮಾಜದಲ್ಲಿ ದೊಡ್ಡ ಚರ್ಚೆ ನಡೆಯಿತು. ಆಗ ನನಗೆ ನೆನಪಾದದ್ದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ಹುಡುಗ. ಅವನು ಕೇಳಿದಂತೆ ನಾನು ಅಂದು ಆ ಕಾಲಮ್ಮನ್ನು ತುಂಬಿದೆ, ಆದರೆ ಅಳುಕಿನಿಂದ, ವಚನಕ್ಕೆ ದ್ರೋಹ ಮಾಡುತ್ತಿದ್ದೇನೆಂಬ ಭಾವನೆಯಿಂದ ತುಂಬಿದೆ. ಇಂದಾದರೆ ಬೆಳಗಿನ ಪಾಠವನ್ನು ಮುಂದಿನ ಸಾಲಿನ ಹುಡುಗನಿಗೆ ಮತ್ತೊಮ್ಮೆ ಹೇಳಿ, ಜಾತಿಯನ್ನು ಬಿಡಬೇಕಾದವರು ನಾನೂ ನೀನೂ ಎಂದು ತಿಳಿಸಿ, ಹಿಂದಿನ ಸಾಲಿನವನ ಕಾಲಮ್ಮನ್ನು ಅಳುಕಿಲ್ಲದೆ ತುಂಬುತ್ತಿದ್ದೆ. ಸಹೃದಯ ವಾಚಕರು ಈ ಓದನ್ನು ವಚನಗಳ ಎದುರಿಗಿಟ್ಟು ಪರೀಕ್ಷಿಸಿ, ತಪ್ಪಿದ್ದರೆ ತಿದ್ದಬೇಕೆಂದು ಬೇಡುತ್ತೇನೆ.